ಹಳೇ ಪಿಕಪ್ಪಿನ ಕೂಲಿಂಗ್ ಸಿಸ್ಟಂ ತೊಳೆಯುವ ಪೂರ್ತಿ ಕ್ರಮ: ಗಸಿ ಕೂತಿರುವುದು ರೇಡಿಯೇಟರಿನಲ್ಲಲ್ಲ, ಬ್ಲಾಕಿನಲ್ಲಿ

"ರೇಡಿಯೇಟರ್ ಫ್ಲಶ್ ಮಾಡಿದೀವಿ ಸಾರ್" ಅಂದರೆ ಬಹಳ ಗ್ಯಾರೇಜುಗಳಲ್ಲಿ ಇಷ್ಟೇ ಅರ್ಥ: ಕೆಳಗಿನ ನಲ್ಲಿ ತಿರುಗಿಸಿ ನೀರು ಬಿಟ್ಟರು, ಮೇಲಿನಿಂದ ಪೈಪ್ ಹಿಡಿದರು, ತಿಳಿ ನೀರು ಬಂತು, ಮುಚ್ಚಿದರು. ಆಮೇಲೆ ಗಾಡಿ ಹೆಬ್ಬಾಳದ ಫ್ಲೈಓವರ್ ಹತ್ತುವಾಗ ಮತ್ತೆ ಉಷ್ಣಾಂಶದ ಸೂಜಿ ಏರುತ್ತದೆ. ಹಳೇ ಕಬ್ಬಿಣದ ಎಂಜಿನ್ನಿನಲ್ಲಿ ತುಕ್ಕು ಮತ್ತು ಸುಣ್ಣದ ಗಸಿ ಕೂರುವುದು ಸಿಲಿಂಡರುಗಳ ಸುತ್ತ, ಬ್ಲಾಕಿನ (ಸಿಲಿಂಡರುಗಳನ್ನು ಹೊತ್ತ ಎಂಜಿನ್ನಿನ ಮುಖ್ಯ ಎರಕದ) ತಳದಲ್ಲಿ. ಅದರಲ್ಲೂ ಹರಿವು ನಿಧಾನವಾಗುವ ಹಿಂದಿನ ಸಿಲಿಂಡರಿನ ಮೂಲೆಯಲ್ಲಿ ಜಾಸ್ತಿ. ರೇಡಿಯೇಟರ್ ನಲ್ಲಿ ತಿರುಗಿಸಿದರೆ ಆ ಗಸಿ ಅಲ್ಲಾಡುವುದೂ ಇಲ್ಲ.

ಈ ಬರಹ ಕಬ್ಬಿಣದ ಬ್ಲಾಕ್, ತಾಮ್ರ-ಹಿತ್ತಾಳೆ ರೇಡಿಯೇಟರ್ ಮತ್ತು ಬೆಲ್ಟಿನಲ್ಲಿ ತಿರುಗುವ ಫ್ಯಾನ್ ಇರುವ ಹಳೇ ಪಿಕಪ್ಪುಗಳಿಗೆ. ಅಳತೆಗಳಿಗೆ ಉದಾಹರಣೆಯಾಗಿ ಮಹೀಂದ್ರಾ-ವಿಲ್ಲಿಸ್ ಕಾಲದ 2.2 ಲೀಟರಿನ ಹರಿಕೇನ್ ನಾಲ್ಕು ಸಿಲಿಂಡರ್ ಪೆಟ್ರೋಲ್ ಎಂಜಿನ್ ತೆಗೆದುಕೊಂಡಿದ್ದೇವೆ. ಹೀಟರ್ ಇಲ್ಲದ ಅದರ ಸಿಸ್ಟಂ ಸುಮಾರು 10.4 ಲೀಟರ್ ಹಿಡಿಯುತ್ತದೆ. ನಿಮ್ಮ ಗಾಡಿಯ ರೇಡಿಯೇಟರ್ ಎಂದೋ ಬದಲಾಗಿರಬಹುದು, ಹಾಗಾಗಿ ಪುಸ್ತಕದ ಅಂಕಿಗಿಂತ ನೀವೇ ಅಳೆದ ಅಂಕಿಯನ್ನು ನಂಬಿ.

ಬೆಂಗಳೂರಿನ ನೀರು, ಬೆಂಗಳೂರಿನ ಎತ್ತರ

ಬೋರ್ ನೀರು ಬರುವ ಮನೆಯಲ್ಲಿ ಗೀಸರ್ ಕಾಯಿಲ್ ಬಿಚ್ಚಿ ನೋಡಿದವರಿಗೆ ಬ್ಲಾಕಿನೊಳಗೆ ಏನಾಗಿರುತ್ತದೆ ಎಂದು ಬೇರೆ ಹೇಳಬೇಕಿಲ್ಲ. ಗಡಸು ನೀರು ಕಾದಾಗ ಕ್ಯಾಲ್ಸಿಯಂ ಬೇರ್ಪಟ್ಟು ಬಿಸಿ ಲೋಹದ ಮೇಲೆ ಬಿಳಿ ಪೊರೆಯಾಗಿ ಕಟ್ಟುತ್ತದೆ. ಆ ಪೊರೆ ಶಾಖವನ್ನು ಸರಿಯಾಗಿ ದಾಟಿಸುವುದಿಲ್ಲ. ನೀರು ತಣ್ಣಗಿದ್ದರೂ ಲೋಹ ಕಾಯುತ್ತದೆ. ನೀರು ಕಮ್ಮಿಯಾದಾಗಲೆಲ್ಲ ಟ್ಯಾಂಕರ್ ನೀರು ಸುರಿದರೆ ಪ್ರತಿ ಸಲವೂ ಹೊಸ ಸುಣ್ಣ ಒಳಗೆ ಹೋಗುತ್ತದೆ. ಕಾವೇರಿ ನೀರು ಬೋರ್ ನೀರಿಗಿಂತ ಮೆದು, ತೊಳೆಯಲು ಧಾರಾಳವಾಗಿ ಬಳಸಿ, ಆದರೆ ಕೊನೆಗೆ ತುಂಬಿಡುವುದಕ್ಕೆ ಅದೂ ಬೇಡ. ಆರ್‌ಓ ಯಂತ್ರ ಹೊರಕ್ಕೆ ಬಿಡುವ ವ್ಯರ್ಥ ನೀರನ್ನು ಮಾತ್ರ ಯಾವ ಹಂತದಲ್ಲೂ ಹಾಕಬೇಡಿ, ಅದರಲ್ಲಿ ಲವಣಗಳು ಇನ್ನಷ್ಟು ಸಾಂದ್ರವಾಗಿರುತ್ತವೆ.

ಎತ್ತರದ ಲೆಕ್ಕ ಇನ್ನೊಂದು. ಊರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಮೇಲಿದೆ, ಇಲ್ಲಿ ತೆರೆದ ಪಾತ್ರೆಯ ನೀರು ಸುಮಾರು 97 ಡಿಗ್ರಿಗೇ ಕುದಿಯುತ್ತದೆ. 7 ಪಿಎಸ್‌ಐ (ಒತ್ತಡದ ಅಳತೆ) ರೇಡಿಯೇಟರ್ ಕ್ಯಾಪ್ ಸರಿಯಾಗಿ ಹಿಡಿದರೆ ಆ ಬಿಂದು 109ರ ಆಸುಪಾಸಿಗೆ ಏರುತ್ತದೆ. ಕ್ಯಾಪಿನ ರಬ್ಬರ್ ಒಣಗಿ ಒತ್ತಡ ಸೋರಿದರೆ ಆ 12 ಡಿಗ್ರಿಯ ಭದ್ರತೆ ಪೂರ್ತಿ ಹೋಯಿತು. ಎಷ್ಟೋ 'ಓವರ್‌ಹೀಟಿಂಗ್' ದೂರುಗಳು ಒಂದು ಹೊಸ ಕ್ಯಾಪಿಗೇ ಮುಗಿಯುತ್ತವೆ. ಹಾಗಂತ ಹೊಸ ಕಾರಿನ 13 ಅಥವಾ 15 ಪಿಎಸ್‌ಐ ಕ್ಯಾಪ್ ತಂದು ಹಾಕಬೇಡಿ. ಹಳೇ ರೇಡಿಯೇಟರಿನ ಬೆಸುಗೆ ಅಷ್ಟು ಒತ್ತಡಕ್ಕೆ ಮಾಡಿದ್ದಲ್ಲ, ಮೇಲಿನ ಟ್ಯಾಂಕಿನ ಅಂಚು ಬಿಟ್ಟುಕೊಳ್ಳುತ್ತದೆ.

ಕೈ ಹಾಕುವ ಮುಂಚೆ

ತೊಳೆದರೆ ಸರಿಹೋಗುವ ಕಾಯಿಲೆಯೇ ಇದು ಎಂದು ಮೊದಲು ಖಾತ್ರಿ ಮಾಡಿಕೊಳ್ಳಿ. ಬೆಳಿಗ್ಗೆ ತಣ್ಣಗಿರುವ ಎಂಜಿನ್ನಿನ ಕ್ಯಾಪ್ ತೆಗೆದು ಸ್ಟಾರ್ಟ್ ಮಾಡಿ. ಶುರುವಿನಲ್ಲಿ ಒಂದೆರಡು ಗುಳ್ಳೆ ಬಂದರೆ ಚಿಂತೆಯಿಲ್ಲ. ಆಕ್ಸಿಲರೇಟರ್ ಒತ್ತಿದಂತೆಲ್ಲ ಗುಳ್ಳೆಗಳು ನಿಲ್ಲದೆ ಬರುತ್ತಿದ್ದರೆ ಹೆಡ್ ಗ್ಯಾಸ್ಕೆಟ್ (ಬ್ಲಾಕಿಗೂ ಅದರ ಮೇಲಿನ ಹೆಡ್ಡಿಗೂ ನಡುವಿನ ಪಟ್ಟಿ) ಮೂಲಕ ಹೊಗೆ ನೀರಿಗೆ ನುಗ್ಗುತ್ತಿದೆ. ಡಿಪ್‌ಸ್ಟಿಕ್‌ನಲ್ಲಿ ಮಜ್ಜಿಗೆಯಂಥ ಬಿಳಿ ಆಯಿಲ್ ಕಂಡರೆ ನೀರು ಆಯಿಲ್‌ಗೆ ಇಳಿದಿದೆ. ಈ ಎರಡರಲ್ಲಿ ಯಾವುದಿದ್ದರೂ ಫ್ಲಶ್ ಮಾಡುವುದು ದುಡ್ಡು ದಂಡ, ಹೆಡ್ ಬಿಚ್ಚಬೇಕು.

ಇನ್ನು ಗಾಡಿ ಯಾವಾಗ ಕಾಯುತ್ತದೆ ಎಂಬುದೂ ಸುಳಿವೇ. ಸಿಲ್ಕ್ ಬೋರ್ಡಿನ ಜಾಮಿನಲ್ಲಿ ನಿಂತಾಗ ಕಾದು, ಓಡುವಾಗ ತಣ್ಣಗಾದರೆ ಗಾಳಿಯ ಸಮಸ್ಯೆ: ಸಡಿಲ ಬೆಲ್ಟ್, ಫ್ಯಾನಿನ ಸುತ್ತಿನ ಕವಚ (ಶ್ರೌಡ್) ಕಾಣೆಯಾಗಿರುವುದು, ಫಿನ್‌ಗಳಲ್ಲಿ ಧೂಳು. ತುಮಕೂರು ರಸ್ತೆಯಲ್ಲಿ 60-70ರ ವೇಗದಲ್ಲಿ ಕಾದರೆ ನೀರಿನ ಹರಿವಿನ ಸಮಸ್ಯೆ: ಕಟ್ಟಿಕೊಂಡ ರೇಡಿಯೇಟರ್, ಗಸಿ ತುಂಬಿದ ಬ್ಲಾಕ್ ಅಥವಾ ಪಂಪಿನ ಸೆಳೆತಕ್ಕೆ ಚಪ್ಪಟೆಯಾಗುವ ಕೆಳಗಿನ ಹೋಸ್. ಫ್ಲಶ್ ವಾಸಿ ಮಾಡುವುದು ಎರಡನೆಯದನ್ನು. ಇಗ್ನಿಷನ್ ಟೈಮಿಂಗ್ ಹಿಂದಕ್ಕೆ ಸರಿದಿದ್ದರೂ ಎಂಜಿನ್ ಕಾಯುತ್ತದೆ, ರೇಡಿಯೇಟರನ್ನು ಬೈಯುವ ಮುಂಚೆ ಅದನ್ನೂ ಒಮ್ಮೆ ನೋಡಿ.

ಫ್ಯಾನಿನ ತುದಿ ಹಿಡಿದು ಹಿಂದೆ ಮುಂದೆ ಅಲ್ಲಾಡಿಸಿ. ಶಾಫ್ಟ್ ಆಡಿದರೆ, ಅಥವಾ ವಾಟರ್ ಪಂಪಿನ ಅಡಿಯ ಸಣ್ಣ ತೂತಿನಿಂದ ತೊಟ್ಟಿಕ್ಕುತ್ತಿದ್ದರೆ ಪಂಪನ್ನೂ ಇದೇ ಸಲ ಬದಲಿಸಿ.

ಒಂದು ಎಚ್ಚರಿಕೆಯನ್ನು ಈಗಲೇ ಹೇಳಿಬಿಡಬೇಕು. ತುಕ್ಕು ತಿಂದ ಕಡೆ ಗಸಿಯೇ ಬೆಣೆಯಂತೆ ಕೂತು ಸೋರಿಕೆ ತಡೆದಿರುತ್ತದೆ. ಅದನ್ನು ಕಿತ್ತರೆ ರೇಡಿಯೇಟರಿನ ಕೊಳವೆಯೋ, ಬ್ಲಾಕಿನ ಪಕ್ಕದ ತಟ್ಟೆಯಂಥ ಕೋರ್ ಪ್ಲಗ್ಗೋ ಸೋರಲು ಶುರುವಾಗಬಹುದು. ಫ್ಲಶ್ ಮಾಡಿ ಕೆಟ್ಟುಹೋಯಿತು ಎನ್ನುವವರ ಗಾಡಿಯಲ್ಲಿ ಆಗಿರುವುದು ಇದು. ಮರುದಿನವೇ ಊರಿಗೆ ಹೊರಡುವುದಿದ್ದರೆ ಇವತ್ತು ಈ ಕೆಲಸ ಬೇಡ.

ತಂದಿಟ್ಟುಕೊಳ್ಳಬೇಕಾದದ್ದು

ಜೆ.ಸಿ. ರಸ್ತೆಯಲ್ಲಿ ಅರ್ಧ ದಿನ ತಿರುಗಿದರೆ ಬಹುತೇಕ ಸಿಗುತ್ತದೆ. ಹಳೇ ಹೋಸ್, ಹಳೇ ಥರ್ಮೋಸ್ಟಾಟ್ (ನೀರು ಕಾದಾಗ ತೆರೆದುಕೊಳ್ಳುವ ಕವಾಟ) ಮತ್ತು ಹಳೇ ಕ್ಯಾಪ್ ಮೂರನ್ನೂ ಬಿಚ್ಚಿಕೊಂಡೇ ಹೋಗಿ, ಬಂದ ಮೇಲೆ ಕೆಲಸದ ದಿನದವರೆಗೆ ಅವನ್ನೇ ಮತ್ತೆ ಜೋಡಿಸಿ ನೀರು ತುಂಬಿಡಿ. ಮಾಡೆಲ್ ಹೆಸರು ಹೇಳುವುದಕ್ಕಿಂತ ವಸ್ತು ಮುಂದಿಟ್ಟರೆ ಅಂಗಡಿಯವರಿಗೂ ಸುಲಭ.

- ಮೇಲಿನ ಮತ್ತು ಕೆಳಗಿನ ಹೋಸ್, 4 ಕ್ಲಿಪ್ಪು. ಕೆಳಗಿನ ಹೋಸಿನೊಳಗೆ ತಂತಿಯ ಸ್ಪ್ರಿಂಗ್ ಇದ್ದರೆ ಅದನ್ನು ಎಸೆಯಬೇಡಿ, ಹೊಸದರೊಳಕ್ಕೆ ಸೇರಿಸಬೇಕು.
- ಥರ್ಮೋಸ್ಟಾಟ್, ಅದರ ಗ್ಯಾಸ್ಕೆಟ್, ಸರಿಯಾದ ಒತ್ತಡದ ಕ್ಯಾಪ್.
- ಕೂಲೆಂಟ್ ಕಾನ್ಸಂಟ್ರೇಟ್ 5 ಲೀಟರ್. ನೀರು ಬೆರೆಸಿ ಮಾರುವ ರೆಡಿ-ಮಿಕ್ಸ್ ಬೇಡ, ಕಾರಣ ಮುಂದೆ ಇದೆ.
- ಡಿಸ್ಟಿಲ್ಡ್ ವಾಟರ್ 20 ಲೀಟರ್. ಬ್ಯಾಟರಿಗೆ ಹಾಕುವುದೇ ಸಾಕು.
- ಸಿಟ್ರಿಕ್ ಆಸಿಡ್, ಅಂದರೆ ದಿನಸಿ ಅಂಗಡಿಯ ನಿಂಬೆ ಉಪ್ಪು, 400 ಗ್ರಾಂ. ಅಡುಗೆ ಸೋಡಾ 100 ಗ್ರಾಂ.
- 20 ಲೀಟರಿನ ಖಾಲಿ ಪೇಂಟ್ ಬಕೆಟ್ ಎರಡು, ಲೀಟರ್ ಗುರುತಿರುವ ಜಗ್ಗು, ಆಲಿಕೆ, ತೋಟದ ಪೈಪು, ಗಟ್ಟಿ ತಂತಿ. ಹಳೇ ಛತ್ರಿಯ ಕಡ್ಡಿ ಈ ಕೆಲಸಕ್ಕೆ ಹೇಳಿ ಮಾಡಿಸಿದಂತಿರುತ್ತದೆ.

ಕೂಲೆಂಟಿನ ಬಗ್ಗೆ ಎರಡು ಮಾತು. ಬೆಂಗಳೂರಿನ ಅತಿ ಕಡಿಮೆ ಉಷ್ಣಾಂಶದ ದಾಖಲೆಯೇ 1884ರ ಜನವರಿಯ 7.8 ಡಿಗ್ರಿ, ಹಾಗಾಗಿ ನೀರು ಹೆಪ್ಪುಗಟ್ಟುವ ಮಾತೇ ಇಲ್ಲಿಲ್ಲ. ಇಲ್ಲಿ ಕೂಲೆಂಟ್ ಬೇಕಿರುವುದು ತುಕ್ಕು ತಡೆಯಲು, ಪಂಪಿನ ಸೀಲು ಒಣಗದಿರಲು, ಕುದಿಯುವ ಬಿಂದು ಸ್ವಲ್ಪ ಏರಿಸಲು. ಶೇ 40ರಷ್ಟು ಸಾಕು. ಸೀಸದ ಬೆಸುಗೆಯ ತಾಮ್ರದ ರೇಡಿಯೇಟರಿಗೆ ಸಾಂಪ್ರದಾಯಿಕ ಹಸಿರು ಜಾತಿಯ ಇನ್‌ಆರ್ಗ್ಯಾನಿಕ್ ಕೂಲೆಂಟ್ ಹೊಂದುತ್ತದೆ. ಬಣ್ಣ ನಂಬಿ ಕೊಳ್ಳಬೇಡಿ. ಬಣ್ಣ ಬೆರೆಸುವುದು ತಯಾರಕರ ಇಷ್ಟ, ಡಬ್ಬಿಯ ಹಿಂಬದಿ ಓದಿ.

ಖಾಲಿ ಮಾಡುವುದು

ಹಿಂದಿನ ರಾತ್ರಿಯೇ ಬ್ಲಾಕಿನ ಡ್ರೈನ್ ಪ್ಲಗ್ಗಿಗೆ ತುಕ್ಕು ಬಿಡಿಸುವ ಸ್ಪ್ರೇ ಹೊಡೆದಿಡಿ. ಹರಿಕೇನ್ ಎಂಜಿನ್ನಿನಲ್ಲಿ ಅದು ಬ್ಲಾಕಿನ ಬಲಮಗ್ಗುಲಲ್ಲಿ, ಕೆಳಗಡೆ ಇದೆ. ಬಲ ಅಂದರೆ ಡ್ರೈವರ್ ಸೀಟಿನಲ್ಲಿ ಕೂತು ಮುಂದೆ ನೋಡಿದಾಗಿನ ಬಲ. ಗ್ರೀಸು-ಮಣ್ಣಿನಡಿ ಹೂತಿರುತ್ತದೆ, ಕೆರೆದು ನೋಡಿ.

ಬೆಳಿಗ್ಗೆ ಗಾಡಿಯನ್ನು ಸಮತಟ್ಟು ಜಾಗದಲ್ಲಿ ನಿಲ್ಲಿಸಿ ಚಕ್ರಕ್ಕೆ ಕಲ್ಲು ಕೊಡಿ. 5 ನಿಮಿಷ ಎಂಜಿನ್ ಓಡಿಸಿ, ಗಸಿ ಕದಡಿ ನೀರಿನಲ್ಲಿ ತೇಲಲಿ. ಕೈ ಇಟ್ಟರೆ ಹಿತವೆನಿಸುವಷ್ಟು ಬಿಸಿ ಸಾಕು. ಕುದಿಯುವ ಎಂಜಿನ್ನಿನ ಕ್ಯಾಪ್ ತೆಗೆಯುವವರ ಮುಖ ಸುಟ್ಟೀತು. ಬಟ್ಟೆ ಸುತ್ತಿ ಮೊದಲ ಕಚ್ಚಿನವರೆಗೆ ತಿರುಗಿಸಿ, ಉಸಿರು ಹೋಗಲು ಬಿಡಿ, ಆಮೇಲೆ ಒತ್ತಿ ಪೂರ್ತಿ ತೆಗೆಯಿರಿ. ಹೀಟರ್ ಇದ್ದರೆ ಅದರ ನಲ್ಲಿಯನ್ನು ಪೂರ್ತಿ ತೆರೆದಿಡಿ.

ರೇಡಿಯೇಟರಿನ ಕೆಳಗಿನ ಹಿತ್ತಾಳೆ ನಲ್ಲಿ ಬಿಗಿಯಾಗಿದ್ದರೆ ಕಟಿಂಗ್ ಪ್ಲೇಯರ್ ಹಾಕಿ ತಿರುಚಬೇಡಿ, ಕಿವಿ ಮುರಿಯುತ್ತದೆ, ಕೆಲವೊಮ್ಮೆ ಬೆಸುಗೆಯೇ ಕಿತ್ತು ಬರುತ್ತದೆ. ಕೆಳಗಿನ ಹೋಸ್ ಬಿಚ್ಚಿದರೂ ಅದೇ ಕೆಲಸ ಆಗುತ್ತದೆ. ಹೋಸ್ ಅಂಟಿದ್ದರೆ ಎಳೆಯುವುದು ಬೇಡ. ಹೇಗೂ ಹೊಸದು ತಂದಿದ್ದೀರಿ, ಬ್ಲೇಡಿನಲ್ಲಿ ಉದ್ದುದ್ದ ಸೀಳಿ ಸುಲಿದುಬಿಡಿ.

ಬಂದ ನೀರನ್ನು ಅಳೆಯಿರಿ. 10.4 ಲೀಟರಿನಲ್ಲಿ 6 ಲೀಟರ್ ಮಾತ್ರ ಬಂದಿದ್ದರೆ ಉಳಿದದ್ದು ಬ್ಲಾಕಿನಲ್ಲಿದೆ. ಈಗ ಬ್ಲಾಕಿನ ಪ್ಲಗ್. ಸರಿಯಾದ ಅಳತೆಯ ಸಾಕೆಟ್ ಅಥವಾ ರಿಂಗ್ ಸ್ಪ್ಯಾನರ್ ಮಾತ್ರ ಬಳಸಿ, ಮೊದಲು ಒಂದಿಷ್ಟು ಬಿಗಿಯುವ ಕಡೆಗೆ ಅಲ್ಲಾಡಿಸಿ ಆಮೇಲೆ ಬಿಚ್ಚಿ. ಜಗ್ಗದಿದ್ದರೆ ಉದ್ದ ಪೈಪ್ ಸೇರಿಸಿ ಹಟಕ್ಕೆ ಬೀಳಬೇಡಿ. ಇನ್ನೊಮ್ಮೆ ಸ್ಪ್ರೇ, ಎಂಜಿನ್ ತುಸು ಬಿಸಿ, ಮತ್ತೆ ಪ್ರಯತ್ನ.

ಪ್ಲಗ್ ಬಂತು, ನೀರು ಬರಲಿಲ್ಲ. ಹೆದರಬೇಡಿ, ಹಳೇ ಗಾಡಿಯಲ್ಲಿ ಇದೇ ಮಾಮೂಲು. ತೂತಿನ ಹಿಂದೆ ಗಸಿ ಗಾರೆಯಂತೆ ಗಟ್ಟಿಯಾಗಿರುತ್ತದೆ. ಛತ್ರಿ ಕಡ್ಡಿಯನ್ನು ಒಳಗೆ ತೂರಿಸಿ ಮೇಲೆ ಕೆಳಗೆ, ಎಡಕ್ಕೆ ಬಲಕ್ಕೆ ತಿವಿಯಿರಿ. ಮೊದಲು ನಾಲ್ಕು ಹನಿ, ಆಮೇಲೆ ದಬದಬ ಅಂತ ಕಾಫಿ ಡಿಕಾಕ್ಷನ್ ಬಣ್ಣದ ಕೆಸರು ಬರುತ್ತದೆ. ಈ ಕೆಲಸಕ್ಕೆ ಅರ್ಧ ಗಂಟೆಯಾದರೂ ಕೊಡಿ. ಇಡೀ ದಿನದಲ್ಲಿ ಎಂಜಿನ್ನಿಗೆ ನಿಜವಾಗಿ ಉಪಯೋಗವಾಗುವ ಅರ್ಧ ಗಂಟೆ ಇದು. ನೀರು ನಿಂತಾಗ ಮೇಲಿನಿಂದ ಪೈಪಿನಲ್ಲಿ ನೀರು ಬಿಡುತ್ತ ಮತ್ತೆ ತಿವಿಯಿರಿ.

ಹಳೇ ಕೂಲೆಂಟ್ ಬಂದ ಬಕೆಟ್ಟನ್ನು ಮುಚ್ಚಳ ಹಾಕಿ ಎತ್ತಿಡಿ. ಕೂಲೆಂಟಿನಲ್ಲಿರುವ ಎಥಿಲೀನ್ ಗ್ಲೈಕಾಲ್ ಸಿಹಿಯಾಗಿರುತ್ತದೆ, ಬೀದಿನಾಯಿ ನೆಕ್ಕಿದರೆ ಮೂತ್ರಪಿಂಡ ಹಾಳಾಗಿ ಸಾಯುತ್ತದೆ, ಮಕ್ಕಳಿಗೂ ಅಷ್ಟೇ ಅಪಾಯ. ಮೋರಿಗೆ ಚೆಲ್ಲಿದರೆ ರಾಜಕಾಲುವೆ ಮೂಲಕ ಕೆರೆ ಸೇರುತ್ತದೆ. ಎಂಜಿನ್ ಆಯಿಲ್ ಜೊತೆ ಬೆರೆಸದೆ ಬೇರೆ ಕ್ಯಾನಿನಲ್ಲಿ ತುಂಬಿ, ಅಪಾಯಕಾರಿ ತ್ಯಾಜ್ಯವನ್ನು ಬೇರೆಯಾಗಿ ಒಪ್ಪಿಸುವ ಸರ್ವಿಸ್ ಸೆಂಟರಿಗೆ ಕೊಡಿ.

ಥರ್ಮೋಸ್ಟಾಟ್

ತೊಳೆಯುವಾಗ ಅದನ್ನು ಹೊರಗೆ ತೆಗೆದಿರಬೇಕು, ಇಲ್ಲದಿದ್ದರೆ ತಣ್ಣೀರು ಬ್ಲಾಕಿನೊಳಗೆ ಹಾಯುವುದೇ ಇಲ್ಲ. ಹಾಗೆಂದು ಕೊನೆಗೆ ಹಾಕದೆ ಬಿಡಬೇಡಿ. 'ನಮ್ಮೂರಿಗೆ ಇದು ಬೇಡ' ಎಂದು ಕಿತ್ತೆಸೆಯುವ ಮೆಕ್ಯಾನಿಕರಿಗೆ ಇಲ್ಲಿ ಬರವಿಲ್ಲ. ಥರ್ಮೋಸ್ಟಾಟ್ ಇಲ್ಲದ ಎಂಜಿನ್ ಡಿಸೆಂಬರಿನ ಬೆಳಿಗ್ಗೆ ಬಿಸಿಯೇ ಏರುವುದಿಲ್ಲ, ಪೆಟ್ರೋಲು ಜಾಸ್ತಿ ಕುಡಿಯುತ್ತದೆ, ಉರಿಯದ ಪೆಟ್ರೋಲು ಸಿಲಿಂಡರ್ ಗೋಡೆಯ ಆಯಿಲನ್ನು ತೊಳೆದು ಕೆಳಗಿಳಿಯುತ್ತದೆ.

ಪರೀಕ್ಷೆ ಅಡುಗೆಮನೆಯಲ್ಲೇ ಆಗುತ್ತದೆ. ಪಾತ್ರೆಯ ನೀರಿನಲ್ಲಿ ದಾರ ಕಟ್ಟಿ ತೂಗುಬಿಡಿ, ಪಕ್ಕದಲ್ಲಿ ಥರ್ಮಾಮೀಟರ್ ಇರಲಿ. 82 ಎಂದು ಅಚ್ಚೊತ್ತಿದ್ದರೆ ಆ ಉಷ್ಣಾಂಶದ ಎರಡು ಡಿಗ್ರಿ ಆಚೀಚೆ ಬಾಯಿ ಬಿಡಲು ಶುರುಮಾಡಬೇಕು. ಫ್ಯಾರನ್‌ಹೀಟಿನಲ್ಲಿ ಅಚ್ಚಾಗಿದ್ದರೆ ಅದೇ 180. ಪೂರ್ತಿ ತೆರೆಯಲು ಇನ್ನೂ 10-15 ಡಿಗ್ರಿ ಬೇಕು. ಇಲ್ಲಿ ನೀರು 97ಕ್ಕೇ ಕುದಿಯುವುದರಿಂದ 88ರ ಥರ್ಮೋಸ್ಟಾಟ್ ಪಾತ್ರೆಯಲ್ಲಿ ಪೂರ್ತಿ ತೆರೆಯದೆ ಇರಬಹುದು. ಅದನ್ನು ಕೆಟ್ಟಿದೆ ಎಂದು ತೀರ್ಮಾನಿಸಬೇಡಿ.

ತೊಳೆಯುವುದು

ಥರ್ಮೋಸ್ಟಾಟ್ ತೆಗೆದ ಜಾಗದಲ್ಲಿ ಅದರ ಮುಚ್ಚಳವನ್ನು ಗ್ಯಾಸ್ಕೆಟ್ ಸಮೇತ ವಾಪಸ್ ಕೂರಿಸಿ. ಪ್ಲಗ್ ಮುಚ್ಚಿ, ಹೋಸುಗಳನ್ನು ಸೇರಿಸಿ, ಸಾದಾ ನೀರು ತುಂಬಿ, 15 ನಿಮಿಷ ಓಡಿಸಿ, ಆರಿಸಿ, ಎರಡೂ ಕಡೆಯಿಂದ ಖಾಲಿ ಮಾಡಿ. ಹೀಗೆ ಎರಡು ಸಲ. ಎಂಜಿನ್ ಆರುವವರೆಗೆ ಕಾಯಲೇಬೇಕು. ಕಾದ ಕಬ್ಬಿಣಕ್ಕೆ ತಣ್ಣೀರು ಬಿದ್ದರೆ ಬ್ಲಾಕ್ ಬಿರುಕು ಬಿಡುತ್ತದೆ, ಆಮೇಲೆ ಯಾವ ಫ್ಲಶ್ಶೂ ಉಪಯೋಗಕ್ಕೆ ಬರುವುದಿಲ್ಲ.

ನೀರಿನ ಮೇಲೆ ಎಣ್ಣೆಯ ಪದರ ಕಂಡರೆ, ಅದರ ಮೂಲ ಸರಿಪಡಿಸಿದ ಮೇಲೆ, ಮೊದಲು ಎಣ್ಣೆ ತೆಗೆಯಬೇಕು. ಎಣ್ಣೆ ಮೆತ್ತಿದ ಸುಣ್ಣಕ್ಕೆ ಆಸಿಡ್ ತಾಗುವುದೇ ಇಲ್ಲ. 10 ಲೀಟರಿಗೆ 250 ಗ್ರಾಂ ವಾಷಿಂಗ್ ಸೋಡಾ ಕರಗಿಸಿ 20 ನಿಮಿಷ ಓಡಿಸಿ, ಎರಡು ಸಲ ತೊಳೆಯಿರಿ. ಇದು ಪೂರ್ತಿ ಕಬ್ಬಿಣದ ಎಂಜಿನ್ನಿಗೆ ಮಾತ್ರ. ಹೆಡ್ಡಿಗೂ ಥರ್ಮೋಸ್ಟಾಟ್ ಮುಚ್ಚಳಕ್ಕೂ ಅಯಸ್ಕಾಂತ ಹಿಡಿದು ನೋಡಿ. ಅಂಟದಿದ್ದರೆ ಅಲ್ಯುಮಿನಿಯಂ ಇರಬಹುದು, ಸೋಡಾ ಅದನ್ನು ತಿನ್ನುತ್ತದೆ.

ಈಗ ನಿಂಬೆ ಉಪ್ಪು. 350 ಗ್ರಾಂ ಅನ್ನು ಬಕೆಟ್ಟಿನಲ್ಲಿ ಸ್ವಲ್ಪ ಬಿಸಿನೀರಿಗೆ ಹಾಕಿ ಪೂರ್ತಿ ಕರಗಿಸಿ ಸುರಿಯಿರಿ, ಉಳಿದದ್ದು ಸಾದಾ ನೀರು. ಸುಣ್ಣ ಕರಗುವಾಗ ಗ್ಯಾಸ್ ಬರುತ್ತದೆ, ಆದ್ದರಿಂದ ಕ್ಯಾಪನ್ನು ಸುಮ್ಮನೆ ಮೇಲಿಡಿ, ಬಿಗಿಯಬೇಡಿ. ಥರ್ಮೋಸ್ಟಾಟ್ ಇಲ್ಲದ್ದರಿಂದ ಎಂಜಿನ್ ಬೇಗ ಕಾಯುವುದಿಲ್ಲ, ರೇಡಿಯೇಟರಿನ ಮುಂದೆ ಅರ್ಧಕ್ಕೆ ರಟ್ಟು ಅಡ್ಡ ಇಟ್ಟು ಸೂಜಿಯನ್ನು 80ರ ಹತ್ತಿರ ನಿಲ್ಲಿಸಿ. 20ರಿಂದ 30 ನಿಮಿಷ ಸಾಕು. ರಾತ್ರಿಯಿಡೀ ಬಿಟ್ಟರೆ ಇನ್ನೂ ಚೆನ್ನಾಗಿ ಆಗುತ್ತದೆ ಅನ್ನುವುದು ತಪ್ಪು, ಸುಣ್ಣ ಮುಗಿದ ಮೇಲೆ ಅದು ಲೋಹಕ್ಕೇ ಕೈ ಹಾಕುತ್ತದೆ. ಬಾತ್‌ರೂಮ್ ತೊಳೆಯುವ ಆಸಿಡ್ ಸುರಿಯುವವರೂ ಇದ್ದಾರೆ. ಅದು ಬೆಸುಗೆ, ಹಿತ್ತಾಳೆ, ಕಬ್ಬಿಣ ಯಾವುದನ್ನೂ ಬಿಡುವುದಿಲ್ಲ.

ಖಾಲಿ ಮಾಡಿದ ಮೇಲೆ 10 ಲೀಟರಿಗೆ 50 ಗ್ರಾಂ ಅಡುಗೆ ಸೋಡಾ ಹಾಕಿ 5 ನಿಮಿಷ ಓಡಿಸಿ, ಉಳಿದ ಹುಳಿ ಸಾಯಲಿ. ಮತ್ತೆ ಸಾದಾ ನೀರು. ಆಸಿಡ್ ತಾಗಿದ ಬ್ಲಾಕನ್ನು ಖಾಲಿ ಬಿಟ್ಟು ಮಲಗಬೇಡಿ, ಬರೀ ಮೈಯ ಕಬ್ಬಿಣಕ್ಕೆ ಒಂದೇ ರಾತ್ರಿಯಲ್ಲಿ ತುಕ್ಕು ಹಿಡಿಯುತ್ತದೆ. ಅದೇ ದಿನ ಕೂಲೆಂಟ್ ತುಂಬುವಷ್ಟು ಸಮಯ ಇದ್ದರೆ ಮಾತ್ರ ಆಸಿಡ್ ಹಂತಕ್ಕೆ ಇಳಿಯಿರಿ.

ಹಿಂದುಮುಂದಾಗಿ ತೊಳೆಯುವುದು

ಎರಡೂ ಹೋಸ್ ಬಿಚ್ಚಿ ರೇಡಿಯೇಟರನ್ನೂ ಎಂಜಿನ್ನನ್ನೂ ಬೇರೆ ಮಾಡಿ. ರೇಡಿಯೇಟರಿನಲ್ಲಿ ನೀರು ಯಾವಾಗಲೂ ಮೇಲಿನಿಂದ ಕೆಳಕ್ಕೆ ಹರಿಯುತ್ತದೆ, ಈಗ ಕೆಳಗಿನ ಬಾಯಿಂದ ಬಿಟ್ಟು ಮೇಲಿನ ಬಾಯಿಂದ ಬರಲಿ. ಎಂಜಿನ್ನಿಗೆ ಮೇಲಿನ ಥರ್ಮೋಸ್ಟಾಟ್ ಬಾಯಿಂದ ಬಿಟ್ಟು ಪಂಪಿನ ಬಾಯಿಂದ ಬರಲಿ. ಪೈಪಿನ ಸಂದಿಗೆ ಬಟ್ಟೆ ಸುತ್ತಿ, ಹೊರಬಾಯಿ ಮಾತ್ರ ಸದಾ ತೆರೆದಿರಲಿ. ನೆಲದಿಂದ 8 ಮೀಟರ್ ಎತ್ತರದ ತಾರಸಿ ಟ್ಯಾಂಕಿನ ನೀರಿಗೇ ಸುಮಾರು 11 ಪಿಎಸ್‌ಐ ಒತ್ತಡವಿದೆ. ಹೊರಬಾಯಿ ಕಟ್ಟಿಕೊಂಡರೆ ಅಷ್ಟೂ ನಿಮ್ಮ 7 ಪಿಎಸ್‌ಐ ರೇಡಿಯೇಟರಿನ ಮೇಲೆ ಬೀಳುತ್ತದೆ. ವಾಷಿಂಗ್ ಸೆಂಟರಿನ ಪ್ರೆಷರ್ ಗನ್ನಂತೂ ದೂರವೇ ಇರಲಿ.

ರೇಡಿಯೇಟರ್ ತೆರವಾಗಿದೆಯೇ ಎಂದು ತಿಳಿಯಲು ಕೆಳಗಿನ ಬಾಯಿಗೆ ಅಂಗೈ ಒತ್ತಿ ಪೂರ್ತಿ ತುಂಬಿ, ಒಮ್ಮೆಲೇ ಕೈ ತೆಗೆಯಿರಿ. ಬಕೆಟ್ ಮಗುಚಿದಂತೆ ಸುರಿಯಬೇಕು. ಸಣ್ಣ ಧಾರೆಯಾಗಿ ಬಂದರೆ ಕೊಳವೆಗಳು ಕಟ್ಟಿವೆ, ಇನ್ನು ರಾಸಾಯನಿಕದಿಂದ ಪ್ರಯೋಜನವಿಲ್ಲ. ರೇಡಿಯೇಟರ್ ಅಂಗಡಿಯಲ್ಲಿ ಮೇಲಿನ ಟ್ಯಾಂಕ್ ಬಿಚ್ಚಿಸಿ ಕೊಳವೆಗಳಿಗೆ ಕಡ್ಡಿ ಹಾಕಿಸಬೇಕು. ತಾಮ್ರದ ರೇಡಿಯೇಟರಿನ ದೊಡ್ಡ ಅನುಕೂಲವೇ ಇದು, ಬಿಚ್ಚಿ ಬೆಸೆಯಬಹುದು. ಅಗ್ಗದ ಅಲ್ಯುಮಿನಿಯಂ ರೇಡಿಯೇಟರಿಗೆ ಅದನ್ನು ಮಾರಿಕೊಳ್ಳಬೇಡಿ. ಹೊರಮೈಯನ್ನೂ ಎಂಜಿನ್ ಕಡೆಯಿಂದ ಮುಂದಕ್ಕೆ ಮೆಲ್ಲನೆ ತೊಳೆಯಿರಿ, ಹುಳ-ಹುಪ್ಪಟೆ ಬಂದ ದಾರಿಯಲ್ಲೇ ಹೋಗಲಿ.

ತುಂಬುವುದು

ಥರ್ಮೋಸ್ಟಾಟನ್ನು ಸ್ಪ್ರಿಂಗ್ ಎಂಜಿನ್ ಕಡೆ ಇರುವಂತೆ ಕೂರಿಸಿ. ತಿರುಗುಮುರುಗಾದರೆ ಅದು ತೆರೆಯುವ ಹೊತ್ತಿಗೆ ಎಂಜಿನ್ ಕುದಿದಿರುತ್ತದೆ. ಡ್ರೈನ್ ಪ್ಲಗ್ಗಿಗೆ ಎರಡು ಸುತ್ತು ಟೆಫ್ಲಾನ್ ಟೇಪು, ಹದವಾದ ಬಿಗಿ.

ಕೊನೆಯ ತೊಳೆತ ಡಿಸ್ಟಿಲ್ಡ್ ವಾಟರಿನಲ್ಲೇ ಆಗಲಿ, ಒಂದು ಸಲ ತುಂಬಿ ಓಡಿಸಿ ಖಾಲಿ ಮಾಡಿ. ಎಷ್ಟೇ ಬಗ್ಗಿಸಿದರೂ ಬ್ಲಾಕಿನಲ್ಲಿ ಒಂದಷ್ಟು ನೀರು ಉಳಿಯುತ್ತದೆ, ಅದು ಬೋರ್ ನೀರಾಗಿರಬಾರದು. ರೆಡಿ-ಮಿಕ್ಸ್ ಬೇಡ ಎಂದದ್ದೂ ಇದಕ್ಕೇ: ಉಳಿದ ನೀರಿನೊಂದಿಗೆ ಬೆರೆತು ಅದು ಇನ್ನಷ್ಟು ತೆಳುವಾಗುತ್ತದೆ. ಬದಲಿಗೆ ಒಟ್ಟು ಹಿಡಿಯುವ ಅಳತೆಯ ಮೇಲೆ ಲೆಕ್ಕ ಹಾಕಿ. 10.4 ಲೀಟರಿನ ಶೇ 40 ಅಂದರೆ 4.2 ಲೀಟರ್ ಕಾನ್ಸಂಟ್ರೇಟ್. ಮೊದಲು ಅದಷ್ಟನ್ನೂ ಸುರಿದು, ಮಿಕ್ಕಿದ್ದಕ್ಕೆ ಡಿಸ್ಟಿಲ್ಡ್ ವಾಟರ್ ತುಂಬಿ. ಆಗ ಒಳಗೆ ಎಷ್ಟು ನೀರು ಉಳಿದಿತ್ತು ಎಂಬ ಚಿಂತೆಯೇ ಬೇಡ.

ಮುಂಭಾಗ ತುಸು ಮೇಲಿರುವಂತೆ ಗೇಟಿನ ಇಳಿಜಾರಿನಲ್ಲಿ ಗಾಡಿ ನಿಲ್ಲಿಸಿ, ಕ್ಯಾಪ್ ಇಲ್ಲದೆ ಓಡಲು ಬಿಡಿ. ಮೇಲಿನ ಹೋಸನ್ನು ಆಗಾಗ ಹಿಚುಕಿ. ಅದು ತಟ್ಟನೆ ಬಿಸಿಯಾದರೆ ಥರ್ಮೋಸ್ಟಾಟ್ ತೆರೆಯಿತು, ಮಟ್ಟ ಇಳಿಯುತ್ತದೆ, ಮೇಲೆ ತುಂಬಿ. ಪಕ್ಕದಲ್ಲಿ ಶೇಖರಣಾ ಡಬ್ಬಿ ಇಲ್ಲದ ಹಳೇ ರೇಡಿಯೇಟರನ್ನು ಬಾಯಿಮಟ್ಟ ತುಂಬಬಾರದು. 3-4 ಸೆಂಟಿಮೀಟರ್ ಜಾಗ ಬಿಡಿ. ಕಾದ ನೀರು ಹಿಗ್ಗಿ ಓವರ್‌ಫ್ಲೋ ಪೈಪಿನಿಂದ ಅಷ್ಟು ಹೊರಗೆ ಚೆಲ್ಲಿಯೇ ಚೆಲ್ಲುತ್ತದೆ. ಅದನ್ನು ಸೋರಿಕೆಯೆಂದು ತಿಳಿದು ದಿನವೂ ನೀರು ಸುರಿಯುವವರ ಕೂಲೆಂಟ್ ಆರು ತಿಂಗಳಲ್ಲಿ ಬರೀ ನೀರಾಗಿರುತ್ತದೆ.

ಬೆಲ್ಟನ್ನು ಹೆಬ್ಬೆರಳಲ್ಲಿ ಒತ್ತಿದರೆ ಸುಮಾರು 12 ಮಿಲಿಮೀಟರ್ ಬಗ್ಗಬೇಕು.

ಮೊದಲ ಓಟ ಬಡಾವಣೆಯೊಳಗೇ ಇರಲಿ. ಮರುದಿನ ಬೆಳಿಗ್ಗೆ ತಣ್ಣಗಿರುವಾಗ ಮಟ್ಟ ನೋಡಿ, ಕ್ಲಿಪ್ಪುಗಳನ್ನು ಇನ್ನೊಂದು ಸುತ್ತು ಬಿಗಿಯಿರಿ, ಹೊಸ ರಬ್ಬರ್ ಕಾದು ಕೂತಿರುತ್ತದೆ. ಗಾಡಿಯಡಿ ಒಂದು ರಟ್ಟು ಹಾಸಿಟ್ಟರೆ ಯಾವ ಮೂಲೆಯಿಂದ ಹನಿ ಬಿತ್ತು ಎಂದು ತಿಳಿಯುತ್ತದೆ. 100 ಕಿಲೋಮೀಟರ್ ಆದ ಮೇಲೆ ಮತ್ತೊಮ್ಮೆ ಕ್ಯಾಪ್ ತೆಗೆದು ನೋಡಿ. ಕೂಲೆಂಟ್ ಮತ್ತೆ ಕಂದು ಬಣ್ಣಕ್ಕೆ ತಿರುಗಿದ್ದರೆ ಬ್ಲಾಕಿನಲ್ಲಿ ಇನ್ನೂ ಗಸಿ ಇದೆ ಎಂದೇ ಅರ್ಥ, ಛತ್ರಿ ಕಡ್ಡಿಗೆ ಇನ್ನೊಂದು ಭಾನುವಾರ ಮೀಸಲಿಡಿ. ತಿಳಿಯಾಗಿದ್ದರೆ ತುಂಬಿದ ತಾರೀಕು ಮತ್ತು ಅಳತೆಯನ್ನು ಒಂದು ಚೀಟಿಯಲ್ಲಿ ಬರೆದು ಬಾನೆಟ್ ಒಳಗೆ ಅಂಟಿಸಿ, ಎರಡು ವರ್ಷಕ್ಕೆ ಬದಲಿಸಿ.